ಬೆಟ್ಟದೊಳಗಿನ ಮನೆಗಳು

ಬಯಲಿನಲ್ಲಿರುವ ಊರು ನಾಲ್ಕು ದಿಕ್ಕಿಗೂ ಹಬ್ಬುತ್ತದೆ; ಬೆಟ್ಟದೊಳಗಿರುವ ಊರು ಹಬ್ಬಲಾರದು. ಬೆಟ್ಟದ ಬಡಾವಣೆಗಳ ಅರ್ಥಶಾಸ್ತ್ರವೆಲ್ಲ ಹುಟ್ಟುವುದು ಈ ಸರಳವಾದ ಸಂಗತಿಯಿಂದ. ಬಯಲಿನ ಊರಲ್ಲಿ ಮನೆಗೆ ಬೆಲೆ ಏರಿದರೆ ಅದರಾಚೆಯ ಹೊಲ ನಿವೇಶನವಾಗುತ್ತದೆ. ಏರಿದ ಬೆಲೆ ಒಂದಿಷ್ಟು ಇಳಿಯುತ್ತದೆ. ಬೆಟ್ಟದ ಊರಲ್ಲಿ ಆಚೆಗೆ ಹೊಲವಿಲ್ಲ, ಬಂಡೆಯಿದೆ. ಆದುದರಿಂದ ಅಲ್ಲಿ ಮೊದಲು ಬಂದು ಕೂತವನೇ ಸಿರಿವಂತ. ಅವನು ಏಳುವವರೆಗೆ ಎರಡನೆಯವನಿಗೆ ಜಾಗವಿಲ್ಲ, ಮತ್ತು ಅವನು ಸಾಮಾನ್ಯವಾಗಿ ಏಳುವುದಿಲ್ಲ.

ಮಂಗಳೂರಿನ ಕದ್ರಿ ಗುಡ್ಡದ ಬೀದಿಗಳಲ್ಲಿ ಓಡಾಡಿದವರು ಇದನ್ನು ಕಣ್ಣಾರೆ ಕಂಡಿರುತ್ತಾರೆ. ವಿಶಾಲವಾದ ಹಿತ್ತಿಲು, ಹೆಂಚಿನ ಮಾಡು, ಜಗಲಿಯ ಮೇಲೆ ವಯಸ್ಸಾದ ಇಬ್ಬರು. ಮಕ್ಕಳು ಕೊಲ್ಲಿಯಲ್ಲೊ ಅಮೆರಿಕದಲ್ಲೊ ಇರುತ್ತಾರೆ. ಆ ಹಿರಿಯರ ಕಾಲ ಮುಗಿದ ಮೇಲೆ ಹೆಂಚಿನ ಮನೆ ಬೀಳುತ್ತದೆ, ಅದರ ಜಾಗದಲ್ಲಿ ಬಹುಮಹಡಿ ಏಳುತ್ತದೆ. ಬೆಂಗಳೂರಿನ ಮಲ್ಲೇಶ್ವರ, ಬಸವನಗುಡಿಗಳದೂ ಇದೇ ಕತೆ. 1898ರ ಪ್ಲೇಗಿನ ಕಾಲದಲ್ಲಿ ಇಕ್ಕಟ್ಟಾದ ಪೇಟೆಯನ್ನು ಬಿಟ್ಟು ಗಾಳಿ ಬೆಳಕು ಅರಸಿ ಎತ್ತರಕ್ಕೆ ಬಂದವರ ಮೊಮ್ಮಕ್ಕಳು ಈಗ ಬಿಲ್ಡರನೊಡನೆ ಕರಾರು ಮಾಡಿಕೊಂಡು ಅಜ್ಜನ ನಿವೇಶನದಲ್ಲಿ ಎರಡು ಫ್ಲ್ಯಾಟು ಪಡೆಯುತ್ತಾರೆ. ಸಿರಿವಂತರ ಹಳೆಯ ಬಡಾವಣೆಯೆಂದರೆ ಮನೆ ದೊಡ್ಡದಾಗಿದ್ದು ಸಂಸಾರ ಚಿಕ್ಕದಾಗುತ್ತ ಹೋಗುವ ಜಾಗ ಎಂದು ಹೇಳಬಹುದು.

ಇದು ನಮ್ಮ ದೇಶದ ವಿಶೇಷವೇನೂ ಅಲ್ಲ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ 1978ರಲ್ಲಿ ಮತದಾರರೇ ಒಪ್ಪಿದ ಒಂದು ನಿಯಮವಿದೆ. ಮನೆಯ ತೆರಿಗೆಯನ್ನು ಕೊಂಡ ಕಾಲದ ಬೆಲೆಯ ಮೇಲೆ ಲೆಕ್ಕ ಹಾಕಬೇಕು, ಆ ಬೆಲೆಯನ್ನು ವರ್ಷಕ್ಕೆ ನೂರಕ್ಕೆ 2ಕ್ಕಿಂತ ಹೆಚ್ಚು ಏರಿಸಬಾರದು. ಮಾರಿದರೆ ಮಾತ್ರ ಹೊಸ ಬೆಲೆಗೆ ಹೊಸ ತೆರಿಗೆ. ಅಂದ ಮೇಲೆ ಐವತ್ತು ವರ್ಷದ ಹಿಂದೆ ಗುಡ್ಡದ ಮೇಲೆ ಮನೆ ಕೊಂಡ ಮುದುಕ ಅದನ್ನು ಏಕೆ ಮಾರಿಯಾನು? ಅಲ್ಲಿ ತೆರಿಗೆಯ ಕಾನೂನು ಮಾಡಿದ ಕೆಲಸವನ್ನು ಬೇರೆ ಕಡೆ ಬೇರೆ ಬೇರೆ ಕಾರಣಗಳು ಮಾಡುತ್ತವೆ.

ಕೊಪ್ಪಳ ಜಿಲ್ಲೆಯಲ್ಲಿ ಅಂಥ ಬೆಟ್ಟದ ಬಡಾವಣೆ ಎಲ್ಲಿದೆ ಎಂದು ನಗಬೇಡಿ. ಗುಡ್ಡವೆಂದರೆ ನಮ್ಮವರಿಗೆ ಆಡು ಮೇಯುವ ಜಾಗ, ದೇವರು ಕೂತ ಜಾಗ, ಕಲ್ಲು ಒಡೆಯುವ ಜಾಗ. ಕೊಪ್ಪಳದಲ್ಲಿ ಕೋಟೆಯಾಗಲಿ ಗವಿಮಠವಾಗಲಿ ಗುಡ್ಡವನ್ನು ಹಿಡಿದವೇ ಹೊರತು, ಉಳ್ಳವರ ಹೊಸ ಮನೆಗಳೆಲ್ಲ ಕೆಳಗೆ ರಸ್ತೆಯ ಬದಿಗೆ ಹರಡಿಕೊಂಡವು. ಆದರೂ ಜಿಲ್ಲೆಗೆ ಒಂದು ಬೆಟ್ಟದ ಬಡಾವಣೆ ಇದೆ; ಏಳುನೂರು ವರ್ಷ ಸಂದರೂ ಅದರ ಪ್ರತಿಷ್ಠೆ ಇಳಿದಿಲ್ಲ. ಗಂಗಾವತಿ ತಾಲ್ಲೂಕಿನ ಆನೆಗೊಂದಿಯ ಮಾತನ್ನು ನಾನು ಆಡುತ್ತಿದ್ದೇನೆ.

ಆನೆಗೊಂದಿಗೆ ಹೋಗುವವರು ಸಾಮಾನ್ಯವಾಗಿ ರಂಗನಾಥನ ಗುಡಿ, ಗಗನ ಮಹಲು, ಹುಚ್ಚಪ್ಪಯ್ಯನ ಮಠ, ನವಬೃಂದಾವನಗಳನ್ನು ನೋಡಿಕೊಂಡು ಬರುತ್ತಾರೆ. ನಾನು ಹೇಳಹೊರಟಿರುವುದು ಇವುಗಳ ನಡುವೆ ಜನ ಅಡಿಗೆ ಮಾಡಿಕೊಂಡಿರುವ ಮನೆಗಳ ವಿಚಾರ. ಗೊಂದಿ ಎಂದರೆ ಕನ್ನಡದಲ್ಲಿ ಇಕ್ಕಟ್ಟಾದ ಹಾದಿ. ಆನೆಗೊಂದಿ ನಿಜವಾಗಿ ಬಂಡೆಗಳ ನಡುವಿನ ಗೊಂದಿಯೇ. ದಕ್ಷಿಣಕ್ಕೆ ತುಂಗಭದ್ರೆ, ಉಳಿದೆಡೆ ಗುಡ್ಡ, ಗುಡ್ಡ ತಗ್ಗಿದಲ್ಲಿ ಕೋಟೆಯ ಗೋಡೆ. ಗಂಗಾವತಿಯ ಕಡೆಯಿಂದ ಬರುವಾಗ ಕಡೇಬಾಗಿಲು ಎಂಬ ಊರು ಸಿಗುತ್ತದಲ್ಲ, ಊರಿನ ಎಲ್ಲೆ ಎಲ್ಲಿತ್ತೆಂಬುದನ್ನು ಆ ಹೆಸರೇ ಹೇಳುತ್ತದೆ.

1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪೇಸ್ ಹೊಳೆಯ ಈಚೆಗಿನ ಈ ಊರನ್ನೂ ಕುರಿತು ಬರೆದಿದ್ದಾನೆ. ಬುಟ್ಟಿಯ ಹಾಗೆ ದುಂಡಗಿರುವ, ಬೆತ್ತ ಹೆಣೆದು ಚರ್ಮ ಹೊದಿಸಿದ ದೋಣಿಯಲ್ಲಿ ಹೊಳೆ ದಾಟುತ್ತಾರೆ, ಅದು ತಿರುಗುತ್ತ ತಿರುಗುತ್ತ ಸಾಗುತ್ತದೆ ಎಂಬ ಅವನ ಹರಿಗೋಲಿನ ವರ್ಣನೆಯನ್ನು ಎಲ್ಲರೂ ಎತ್ತಿ ಹೇಳುತ್ತಾರೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಂಡದ್ದು ಅವನ ಇನ್ನೊಂದು ಮಾತು. ಈ ಊರು ಹಿಂದೆ ರಾಜಧಾನಿಯಾಗಿತ್ತು, ಗಟ್ಟಿಯಾದ ಗೋಡೆಗಳಿವೆ, ಬೆಟ್ಟಗಳ ನಡುವೆ ಎರಡೇ ಬಾಗಿಲು, ಆದರೆ ಈಗ ಇಲ್ಲಿ ವಾಸವಾಗಿರುವ ಜನ ಸ್ವಲ್ಪ ಎಂದು ಅವನು ಗುರುತಿಸಿದ್ದಾನೆ. ಐನೂರು ವರ್ಷದ ಹಿಂದೆಯೇ ಆನೆಗೊಂದಿ ಹಳೆಯ ಬಡಾವಣೆಯಾಗಿತ್ತು ಎಂದು ಇದರ ಅರ್ಥ. ಮಾನ ಇಲ್ಲಿ ಉಳಿದಿತ್ತು, ಜನ ಆಚೆಗೆ ಹೋಗಿದ್ದರು. ಹೊಸ ಬಡಾವಣೆಗಳೆಲ್ಲ ಹೊಳೆಯ ದಕ್ಷಿಣಕ್ಕೆ ಏಳುತ್ತಿದ್ದವು. ಕೃಷ್ಣದೇವರಾಯ ಕಟ್ಟಿಸಿದ ನಾಗಲಾಪುರ, ಅಂದರೆ ಇಂದಿನ ಹೊಸಪೇಟೆ, ಆ ಕಾಲದ ಬಯಲಿನ ಬಡಾವಣೆ. ಅಲ್ಲಿಂದ ರಾಜಧಾನಿಯವರೆಗೆ ಅಗಲವಾದ ಬೀದಿ, ಎರಡು ಬದಿಗೂ ಮನೆ ಅಂಗಡಿಗಳ ಸಾಲು ಎಂದು ಪೇಸನೇ ಹೇಳುತ್ತಾನೆ. 1565ರ ಯುದ್ಧದ ಬಳಿಕ ದಕ್ಷಿಣದ ಮಹಾನಗರ ಹಾಳುಬಿತ್ತು. ಜನ ಕಡಿಮೆಯಿದ್ದ, ಬೆಟ್ಟದೊಳಗಿದ್ದ ಹಳೆಯ ಊರು ಮಾತ್ರ ಊರಾಗಿಯೇ ಉಳಿಯಿತು. ವಿಜಯನಗರದ ಅರಸುಮನೆತನದ ವಂಶಸ್ಥರೆನ್ನುವ ಕುಟುಂಬವೂ ಇಲ್ಲಿಯೇ ನೆಲೆ ನಿಂತಿತು.

ಇಲ್ಲಿಯ ಹಳೆಯ ಮನೆಗಳು ಕಲ್ಲು ಮಣ್ಣಿನವು. ದಪ್ಪ ಗೋಡೆ, ಮರದ ಕಂಬ, ತೊಲೆ, ಜಂತಿ, ಮೇಲೆ ಮಣ್ಣಿನ ಮಾಳಿಗೆ. ನಡುಮನೆಗೆ ಬೆಳಕು ಇಳಿಯಲು ಒಂದು ಬೆಳಕಿಂಡಿ. ಬೀದಿಗೆ ಮುಖಮಾಡಿದ ಕಟ್ಟೆ. ನಮ್ಮ ಬಿಸಿಲಿಗೆ ಇದಕ್ಕಿಂತ ಒಪ್ಪುವ ಮನೆಯನ್ನು ಯಾವ ಎಂಜಿನಿಯರನೂ ಈವರೆಗೆ ಕಟ್ಟಿಲ್ಲವೆಂದು ನನ್ನ ಅಭಿಪ್ರಾಯ. ಆದರೆ ಇಂಥ ಮನೆಯ ಜೀವ ಅದರ ಮಾಳಿಗೆಯಲ್ಲಿದೆ. ಮಳೆಗಾಲಕ್ಕೆ ಮುಂಚೆ ಪ್ರತಿ ವರ್ಷ ಮೇಲೇರಿ ಮಣ್ಣು ಹಾಕಿ ಮೆತ್ತಬೇಕು. ಅದಕ್ಕೆ ಮನೆಯಲ್ಲಿ ಆಳು ಇರಬೇಕು. ಎರಡು ಮಳೆಗಾಲ ಯಾರೂ ಮಾಳಿಗೆ ಹತ್ತದಿದ್ದರೆ ನೀರು ಜಂತಿಗೆ ಇಳಿಯುತ್ತದೆ. ಮೂರನೆಯದಕ್ಕೆ ಗೋಡೆ ಬಾಗುತ್ತದೆ. ಹೀಗೆ ಆನೆಗೊಂದಿಯಲ್ಲಿ ಒಂದು ಮನೆಯಿಂದ ಮಕ್ಕಳು ಹೊರಟುಹೋದರೆ, ಅದು ಜನಸಂಖ್ಯೆಯ ಲೆಕ್ಕಕ್ಕೆ ಬರುವ ಮೊದಲೇ ಮಾಳಿಗೆಯಲ್ಲಿ ಕಾಣಿಸಿಕೊಳ್ಳುತ್ತದೆ.

ಹೊರಟವರು ಬಹಳ ದೂರ ಹೋಗಬೇಕಾಗಿಲ್ಲ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಗಂಗಾವತಿ ಸೀಮೆಯ ಸ್ವರೂಪವೇ ಬದಲಾಯಿತು. ಕರಾವಳಿ ಆಂಧ್ರದ ರೈತರು ತಮ್ಮ ಊರಿನಲ್ಲಿ ಸ್ವಲ್ಪ ಭೂಮಿ ಮಾರಿ ಬಂದ ಹಣದಿಂದ ಇಲ್ಲಿ ಅದರ ಎಷ್ಟೋ ಪಟ್ಟು ಕೊಂಡರು. ಹೊಲಗಳ ನಡುವೆಯೇ ಕ್ಯಾಂಪುಗಳನ್ನು ಕಟ್ಟಿಕೊಂಡರು. ಜೋಳದ ನೆಲ ಭತ್ತದ ನೆಲವಾಯಿತು. ಅಕ್ಕಿ ಗಿರಣಿಗಳು ಬಂದವು. ಗಿರಣಿಯ ಹಿಂದೆ ಬ್ಯಾಂಕು, ಶಾಲೆ, ಆಸ್ಪತ್ರೆ, ನಿವೇಶನಗಳು ಬಂದವು. ಆನೆಗೊಂದಿಯ ಯುವಕ ಮದುವೆಯಾದ ಮೇಲೆ ಗಂಗಾವತಿಯಲ್ಲಿ ಮನೆ ಮಾಡುತ್ತಾನೆ. ಹೆಂಡತಿಗೆ ಮಾಳಿಗೆ ಮೆತ್ತುವ ಮನೆ ಬೇಡ, ಮಕ್ಕಳಿಗೆ ಶಾಲೆ ಬೇಕು. ಅಮವಾಸ್ಯೆಗೆ, ಜಾತ್ರೆಗೆ ಊರಿಗೆ ಬಂದು ದೀಪ ಹಚ್ಚಿ ಹೋಗುತ್ತಾನೆ. ನದಿಯ ಬದಿಯಲ್ಲಿ ಗದ್ದೆ, ಬಾಳೆಯ ತೋಟ ಉಳ್ಳವರು ಮಾತ್ರ ಅಲ್ಲಿ ನಿಲ್ಲುತ್ತಾರೆ. ಅವರೊಂದಿಗೆ, ಹೋಗಲು ದಾರಿಯಿಲ್ಲದ ಬಡವರೂ ನಿಲ್ಲುತ್ತಾರೆ.

ಹಾಗಾದರೆ ಬಿಟ್ಟು ಹೋದವರು ಮನೆಯನ್ನು ಮಾರಬಹುದಲ್ಲ? ಮಾರಬಹುದು, ಆದರೆ ಮಾರುವವನು ಯಾರು? ಮನೆ ತಾತನ ಹೆಸರಿನಲ್ಲಿದೆ. 1948ರವರೆಗೆ ಇದು ನಿಜಾಮರ ಸೀಮೆ. ಹಳೆಯ ಕಾಗದಗಳು ಉರ್ದುವಿನಲ್ಲಿವೆ, ಓದುವವರು ಊರಿಗೆ ಒಬ್ಬರೂ ಸಿಗುವುದಿಲ್ಲ. ತಾತನ ನಾಲ್ವರು ಮಕ್ಕಳು ಬಾಯಿಮಾತಿನಲ್ಲಿ ಹಿಸ್ಸೆ ಮಾಡಿಕೊಂಡರು. ನಡುಮನೆ ಒಬ್ಬನಿಗೆ, ಪಡಸಾಲೆ ಒಬ್ಬನಿಗೆ, ಕೊಟ್ಟಿಗೆ ಒಬ್ಬನಿಗೆ, ಹಿತ್ತಿಲು ಒಬ್ಬನಿಗೆ. ಕರ್ನಾಟಕದಲ್ಲಿ 1994ರಿಂದ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಬಂತು. 2005ರಲ್ಲಿ ಅದು ಇಡೀ ದೇಶಕ್ಕೆ ಅನ್ವಯವಾಯಿತು. ಇದು ನ್ಯಾಯವೇ. ಆದರೆ ಸಿಂಧನೂರಿಗೆ, ಗದಗಿಗೆ, ಸೊಲ್ಲಾಪುರಕ್ಕೆ ಕೊಟ್ಟ ಹೆಣ್ಣುಮಕ್ಕಳೆಲ್ಲ ಬಂದು ಸಹಿ ಮಾಡುವವರೆಗೆ ಮನೆ ಒಬ್ಬರದಾಗುವುದಿಲ್ಲ. 2013ರಲ್ಲಿ ಪಂಚಾಯತಿಗಳಿಗೆ ಇ-ಸ್ವತ್ತು ಎಂಬ ಗಣಕದ ದಾಖಲೆ ಬಂದ ಮೇಲೆ, ಅದರಲ್ಲಿ ಹೆಸರು ಕೂರದ ಹೊರತು ನೋಂದಣಿಯೂ ಆಗದು. ಕ್ಯಾಲಿಫೋರ್ನಿಯದ ಮುದುಕನನ್ನು ತೆರಿಗೆ ಹಿಡಿದಿಟ್ಟಂತೆ ನಮ್ಮ ಮನೆಗಳನ್ನು ಈ ಸಹಿಗಳು ಹಿಡಿದಿಟ್ಟಿವೆ.

ಸಹಿಗಳೆಲ್ಲ ಕೂಡಿದವೆಂದೇ ಇಟ್ಟುಕೊಳ್ಳಿ. ಆಗ ಎದುರಾಗುವುದು ಇನ್ನೊಂದು ಗೋಡೆ. ಹಂಪಿಯ ಸ್ಮಾರಕಗಳು 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಆನೆಗೊಂದಿಗೂ ಎದುರು ದಂಡೆಯ ತಳವಾರಘಟ್ಟಕ್ಕೂ ನಡುವೆ ಸೇತುವೆಯ ಕೆಲಸ ನಡೆದದ್ದು ಮುಖ್ಯ ಕಾರಣವಾಗಿ 1999ರಲ್ಲಿ ಹಂಪಿಯನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿದರು, 2006ರಲ್ಲಿ ತೆಗೆದರು. ಆ ಸೇತುವೆ 2009ರ ಜನವರಿಯಲ್ಲಿ, ಕಟ್ಟುತ್ತಿರುವಾಗಲೇ ಕುಸಿದು ಕೂಲಿಗಳನ್ನು ಬಲಿ ತೆಗೆದುಕೊಂಡಿತು. ಈ ನಡುವೆ 2002ರ ಕಾನೂನಿನಂತೆ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರ ಹುಟ್ಟಿತು. ಹೊಳೆಯ ಎರಡೂ ದಂಡೆಯ 29 ಗ್ರಾಮಗಳು ಅದರ ವ್ಯಾಪ್ತಿಯಲ್ಲಿವೆ. ಆನೆಗೊಂದಿಯಲ್ಲಿ ಗೋಡೆ ಕೆಡವಬೇಕಾದರೂ ಮಹಡಿ ಏರಿಸಬೇಕಾದರೂ ಅದರ ಒಪ್ಪಿಗೆ ಬೇಕು.

ಇದನ್ನು ದೂರುವುದು ಸುಲಭ. ನಾನು ದೂರುವವನಲ್ಲ. ಈ ಕಾನೂನು ಇಲ್ಲದಿದ್ದರೆ ಗಗನ ಮಹಲಿನ ಮಗ್ಗುಲಲ್ಲಿ ಇಷ್ಟು ಹೊತ್ತಿಗೆ ನಾಲ್ಕಂತಸ್ತಿನ ಲಾಡ್ಜು ನಿಂತಿರುತ್ತಿತ್ತು. ಆದರೆ ಕಾನೂನು ಮನೆಯ ಬೆಲೆಗೆ ಏನು ಮಾಡಿತೆಂಬುದನ್ನು ಅರ್ಥಮಾಡಿಕೊಳ್ಳಬೇಕು. ಬೇರೆ ಊರಲ್ಲಿ ಕೊಳ್ಳುವವನು ನೆಲಕ್ಕೆ ಬೆಲೆ ಕಟ್ಟುತ್ತಾನೆ, ಆ ನೆಲದ ಮೇಲೆ ಏನು ಏರಿಸಬಹುದೆಂದು ಲೆಕ್ಕ ಹಾಕುತ್ತಾನೆ. ಇಲ್ಲಿ ಏರಿಸಲು ಅಷ್ಟಿಷ್ಟಕ್ಕೂ ಅಪ್ಪಣೆ ಬೇಕು. ಆದ್ದರಿಂದ ಗಂಗಾವತಿಯ ವ್ಯಾಪಾರಿಗೆ ಆನೆಗೊಂದಿಯ ಬಿದ್ದ ಮನೆ ನಿಷ್ಪ್ರಯೋಜಕ. ಅದೇ ಮನೆ ದೂರದಿಂದ ಬಂದು ಹಳೆಯ ಬೀದಿ, ಹಳೆಯ ಕಂಬ, ಕಿಟಕಿಯಾಚೆಯ ಬಂಡೆಗಳಿಗೇ ಹಣ ಕೊಡುವವನಿಗೆ ಬಹು ಬೆಲೆಯದು. ಹೀಗೆ ಒಂದೇ ಮನೆಗೆ ಎರಡು ಪೇಟೆಗಳು. ಒಂದರಲ್ಲಿ ಅದು ಹೊರೆ, ಇನ್ನೊಂದರಲ್ಲಿ ಒಡವೆ. ಎರಡನೆಯ ಪೇಟೆಯ ಬಾಗಿಲು ಸ್ಥಳೀಯರಿಗೆ ಕಾಣುವುದಿಲ್ಲ.

ಒಮ್ಮೆ ಆನೆಗೊಂದಿಯ ಕಟ್ಟೆಯೊಂದರ ಮೇಲೆ ಕೂತಿದ್ದ ಹಿರಿಯರೊಬ್ಬರು ಈ ಸಂಗತಿಯನ್ನು ನನಗಿಂತ ಚೆನ್ನಾಗಿ ಹೇಳಿದರು. "ಮನಿ ನಮ್ದರಿ, ಗ್ವಾಡಿ ಸರಕಾರದ್ದು, ಕಿಡಕ್ಯಾಗ ಕಾಣೂ ಗುಡ್ಡಾ ಬಂದವ್ರದು" ಎಂದರು. ಸುತ್ತ ಇದ್ದವರು ನಕ್ಕರು. ಅವರು ಮಾತ್ರ ನಗಲಿಲ್ಲ.

ನಿಷೇಧಿಸಿದ ಕಡೆ ಪೇಟೆ ಸಾಯುವುದಿಲ್ಲ, ಪಕ್ಕಕ್ಕೆ ಸರಿಯುತ್ತದೆ ಎಂಬುದಕ್ಕೆ ವಿರೂಪಾಪುರ ಗಡ್ಡಿಯೇ ಸಾಕ್ಷಿ. ಹಂಪಿಯ ಎದುರು ದಂಡೆಯ ಆ ನಡುಗಡ್ಡೆಯಲ್ಲಿ ಗದ್ದೆಗಳ ಮಧ್ಯೆ ಗುಡಿಸಲು ಹೋಟೆಲುಗಳು ಎದ್ದು, ಒಂದು ಕಾಲಕ್ಕೆ ಅದು ವಿದೇಶೀಯರ ಬೀದಿಯೇ ಆಗಿತ್ತು. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಅವು ಅಕ್ರಮವೆಂಬ ಹೈಕೋರ್ಟಿನ ತೀರ್ಪನ್ನು ಎತ್ತಿಹಿಡಿಯಿತು. ಮಾರ್ಚಿನಲ್ಲಿ ಅವನ್ನು ಕೆಡವಿದರು. ಸ್ಮಾರಕದ ದೃಷ್ಟಿಯಿಂದ ತೀರ್ಪು ಸರಿಯೇ. ಆದರೆ ಅಲ್ಲಿ ತಂಗುತ್ತಿದ್ದವರು ಮಾಯವಾಗಲಿಲ್ಲ. ಸಾಣಾಪುರ, ಹನುಮನಹಳ್ಳಿ, ಆನೆಗೊಂದಿಗಳ ಕಡೆ ತಿರುಗಿದರು. ಅದೇ ವರ್ಷ ಕರ್ನಾಟಕ ಭೂಸುಧಾರಣಾ ಕಾಯ್ದೆಗೆ ಇನ್ನೊಂದು ತಿದ್ದುಪಡಿ ಬಂತು. ಕೃಷಿಕರಲ್ಲದವರು, ಹೆಚ್ಚಿನ ವರಮಾನವುಳ್ಳವರು ಕೃಷಿಭೂಮಿ ಕೊಳ್ಳಬಾರದೆಂಬ, 1974ರಿಂದ ಇದ್ದ ನಿರ್ಬಂಧವನ್ನು ತೆಗೆದರು. ಬೆಟ್ಟದ ಬುಡದ ಗದ್ದೆ ಆವರೆಗೆ ರೈತರ ನಡುವೆ ಮಾತ್ರ ಕೈ ಬದಲಾಯಿಸುತ್ತಿತ್ತು. ಈಗ ಬೆಂಗಳೂರಿನ, ಹೈದರಾಬಾದಿನ ಹಣಕ್ಕೂ ಅದರ ಬಾಗಿಲು ತೆರೆಯಿತು. ಮೇಲೆ ಅಂಜನಾದ್ರಿ ಇದ್ದೇ ಇದೆ. 575 ಮೆಟ್ಟಿಲು ಹತ್ತಿ ಆಂಜನೇಯನ ದರ್ಶನ ಮಾಡುವವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿದೆ, 2022ರ ರಾಜ್ಯ ಬಜೆಟ್ಟಿನಲ್ಲಿ ಅದರ ಅಭಿವೃದ್ಧಿಗೆ 100 ಕೋಟಿ ರೂಪಾಯಿ ಘೋಷಿಸಿದರು. ಸರಕಾರ ಹಣ ಘೋಷಿಸಿದ ದಿನವೇ ರಸ್ತೆಬದಿಯ ನೆಲದ ಮಾತು ಬೇರೆಯಾಗುತ್ತದೆ. ಇದಕ್ಕೆ ಅರ್ಥಶಾಸ್ತ್ರ ಓದಬೇಕಾಗಿಲ್ಲ.

ಇನ್ನು ಇದೇ ಜಿಲ್ಲೆಯ ಇನ್ನೊಂದು ಮುಖ. ಕುಷ್ಟಗಿ, ಯಲಬುರ್ಗಿಗಳಿಗೆ ಕಾಲುವೆಯ ಭಾಗ್ಯ ಗಂಗಾವತಿಯಂತೆ ಬರಲಿಲ್ಲ. ಮಳೆ ಹೋದ ವರ್ಷ ಅಲ್ಲಿಯ ಜನ ಗುಳೆ ಹೋಗುತ್ತಾರೆ. ಮಂಗಳೂರು, ಉಡುಪಿ, ಬೆಂಗಳೂರು, ಗೋವೆ. ಅವರಲ್ಲಿ ಬಹುಪಾಲು ಜನರಿಗೆ ಸಿಗುವುದು ಕಟ್ಟಡದ ಕೆಲಸ. ಆರಂಭದಲ್ಲಿ ಹೇಳಿದ ಮಂಗಳೂರಿನ ಗುಡ್ಡದ ಬಹುಮಹಡಿಗಳಿವೆಯಲ್ಲ, ಅವುಗಳ ಕಾಂಕ್ರೀಟನ್ನು ಹೊತ್ತವರಲ್ಲಿ ನಮ್ಮ ತಾಲ್ಲೂಕುಗಳವರು ಎಷ್ಟೋ ಮಂದಿ. ಕಟ್ಟುತ್ತಿರುವಷ್ಟು ದಿನ ಆ ಗುಡ್ಡದ ನೋಟ ಅವರದು. ತಗಡಿನ ಶೆಡ್ಡಿನಿಂದ ಸಮುದ್ರ ಕಾಣುತ್ತದೆ. ಬಣ್ಣ ಬಳಿದ ಮೇಲೆ ಶೆಡ್ಡು ಕಿತ್ತು ಮುಂದಿನ ಗುಡ್ಡಕ್ಕೆ. ಊರಿನಲ್ಲಿ ಅವರ ಮನೆಗೆ ಬೀಗ. ಸಿರಿವಂತರು ದೊಡ್ಡ ಮನೆಯನ್ನು ಖಾಲಿ ಬಿಡುವುದಕ್ಕೂ ಬಡವರು ಚಿಕ್ಕ ಮನೆಯನ್ನು ಖಾಲಿ ಬಿಡುವುದಕ್ಕೂ ಕಾರಣ ಬೇರೆ. ಬೀಗ ಮಾತ್ರ ಒಂದೇ ಕಂಪನಿಯದು.

ಈ ಬೀಗಗಳನ್ನು ಎಣಿಸುವವರು ಬೇಕು. 2001ರಲ್ಲಿ ಸುಮಾರು 56 ಸಾವಿರವಿದ್ದ ಕೊಪ್ಪಳ ಪಟ್ಟಣದ ಜನಸಂಖ್ಯೆ 2011ಕ್ಕೆ 70 ಸಾವಿರದ ಮೇಲಾಯಿತು. ಜಿಲ್ಲೆಯದು ಸುಮಾರು 13 ಲಕ್ಷ 90 ಸಾವಿರ. ಕೈಯಲ್ಲಿರುವ ಲೆಕ್ಕ ಇಲ್ಲಿಗೆ ನಿಲ್ಲುತ್ತದೆ, ಏಕೆಂದರೆ 2021ರಲ್ಲಿ ನಡೆಯಬೇಕಾಗಿದ್ದ ಜನಗಣತಿ ನಡೆಯಲಿಲ್ಲ. ವಿರೂಪಾಪುರ ಗಡ್ಡಿ ನೆಲಸಮವಾದದ್ದು, ಭೂಮಿಯ ಕಾನೂನು ಬದಲಾದದ್ದು, ಅಂಜನಾದ್ರಿಗೆ ಜನ ಮುಗಿಬಿದ್ದದ್ದು, ಎಲ್ಲವೂ ಎಣಿಕೆಯಿಲ್ಲದ ಈ ವರ್ಷಗಳಲ್ಲಿ. ಜನಗಣತಿಗೆ ಮುಂಚೆ ಮನೆಗಣತಿ ಮಾಡುತ್ತಾರೆ. ಮನೆಯಲ್ಲಿ ಜನ ಇದ್ದಾರೆಯೆ, ಖಾಲಿಯೆ, ವಾಸಕ್ಕೆ ಬಳಸುತ್ತಾರೆಯೆ, ಲಾಡ್ಜಿಗೊ ಅಂಗಡಿಗೊ ಬಳಸುತ್ತಾರೆಯೆ ಎಂದು ಅದರಲ್ಲಿ ಕೇಳುವ ಪ್ರಶ್ನೆಗಳಿವೆ. ಆನೆಗೊಂದಿಯಂಥ ಊರಿಗೆ ತಲೆಯೆಣಿಕೆಗಿಂತ ಇದು ಮುಖ್ಯ. ಪ್ರಾಧಿಕಾರದ ನಕ್ಷೆಯಲ್ಲಿ ಪ್ರತಿ ಮಂಟಪಕ್ಕೂ ಗುರುತಿದೆ. ಯಾವ ಮನೆಯಲ್ಲಿ ಮಾಳಿಗೆ ಹತ್ತಲು ಆಳಿದ್ದಾನೆ, ಯಾವುದರಲ್ಲಿ ಇಲ್ಲ ಎಂಬ ಗುರುತೂ ಇದ್ದರೆ ಒಳ್ಳೆಯದು. ಏಕೆಂದರೆ ಊರನ್ನು ಪರಂಪರೆಯೆಂದು ಘೋಷಿಸಿ ಊರಿನವರನ್ನು ಮರೆತ ಉದಾಹರಣೆ ದೂರವಿಲ್ಲ. 2011ರಲ್ಲಿ ಹಂಪಿಯ ಬಜಾರದ ಮಂಟಪಗಳಲ್ಲಿ ಬಾಳುತ್ತಿದ್ದ ಕುಟುಂಬಗಳನ್ನು ಎಬ್ಬಿಸಿದರು. ಶ್ರೀಲಂಕೆಯ ಗಾಲೆ ಕೋಟೆಯದು ಇನ್ನೊಂದು ಬಗೆ. 1988ರಲ್ಲಿ ಪರಂಪರೆಯ ಪಟ್ಟಿಗೆ ಸೇರಿದ ಆ ಕೋಟೆಯೊಳಗೆ ಯಾರನ್ನೂ ಎಬ್ಬಿಸಲಿಲ್ಲ, ಹೊರಗಿನವರು ಒಳ್ಳೆಯ ಬೆಲೆ ಕೊಟ್ಟು ಕೊಂಡರು. ಮನೆಗಳು ಚೆಂದವಾಗಿ ದುರಸ್ತಿಯಾದವು, ಹಲವು ಹೋಟೆಲುಗಳಾದವು.

ಆನೆಗೊಂದಿ ಈ ಎರಡರ ನಡುವೆ ಇದೆ. 1997ರಲ್ಲಿ ಆರಂಭವಾದ ಕಿಷ್ಕಿಂದಾ ಟ್ರಸ್ಟ್ ಹಳೆಯ ಮನೆಗಳನ್ನು ಹಳೆಯ ರೀತಿಯಲ್ಲಿಯೇ ಸರಿಪಡಿಸಿ ಅತಿಥಿಗಳಿಗೆ ಕೊಡುವ, ಬಾಳೆಯ ನಾರಿನಿಂದ ಹೆಂಗಸರು ಬುಟ್ಟಿ ಚೀಲ ಹೆಣೆಯುವ ಕೆಲಸ ಮಾಡಿತು. ಬೇರೆಯವರೂ ಮನೆಯ ಎರಡು ಕೋಣೆಗಳನ್ನು ಹೋಂಸ್ಟೇ ಮಾಡಿದ್ದಾರೆ. ಮನೆಯವರು ಒಂದು ಕೋಣೆಯಲ್ಲಾದರೂ ಉಳಿದಿದ್ದರೆ ಆ ಮಾತಿಗೆ ಅರ್ಥವುಂಟು. ಮಾಲೀಕ ಗಂಗಾವತಿಯಲ್ಲಿದ್ದು, ನಡೆಸುವವನು ಬೇರೆ ಊರಿನವನಾಗಿ, ಅಡಿಗೆಯವನು ಇನ್ನೊಂದು ರಾಜ್ಯದವನಾದರೆ ಅದು ಮಾಳಿಗೆಯ ಲಾಡ್ಜು. ನೋಂದಣಿಯ ಕಾಗದದಲ್ಲಿ ಎರಡಕ್ಕೂ ಹೆಸರು ಒಂದೇ.

ನಾನು ಬಲ್ಲ ಒಂದು ಮನೆಯಲ್ಲಿ ನಾಲ್ಕು ಹಿಸ್ಸೆ. ಎರಡಕ್ಕೆ ಬೀಗ, ಒಂದರಲ್ಲಿ ಪ್ರವಾಸಿಗಳು, ನಡುಮನೆಯಲ್ಲಿ ಹಿರಿಯ ಸೊಸೆ, ಈಗ ಎಪ್ಪತ್ತು ದಾಟಿದ ಅಜ್ಜಿ. ಹೋದ ಮೇ ತಿಂಗಳಲ್ಲಿ ನಾನು ಹೋದಾಗ ಮಾಳಿಗೆಗೆ ಮಣ್ಣು ಹಾಕಿಸುತ್ತಿದ್ದರು. ತಮ್ಮ ಪಾಲಿಗೆ ಮಾತ್ರ ಹಾಕಿಸಿದರೆ ಸಾಕಲ್ಲವೆ ಎಂದು ಕೇಳಿದೆ. "ನೀರಿಗೆ ಹಿಸ್ಸೆ ಗೊತ್ತೈತೇನ್ರಿ? ಅವರ ಕಡೆ ಇಳದ್ರ ನನ್ನ ಜಂತಿಗೇ ಬರತೈತಿ" ಎಂದು, ಏಣಿಯ ಮೇಲಿದ್ದ ಹುಡುಗನಿಗೆ ಇನ್ನೊಂದು ಬುಟ್ಟಿ ಮಣ್ಣು ಏರಿಸಲು ಹೇಳಿದರು. ನಾಲ್ಕು ಪಾಲಿನ ಕೂಲಿಯೂ ಅವರದೇ. ಹುಡುಗ ಯಲಬುರ್ಗಿಯ ಕಡೆಯವನು. ಅಲ್ಲಿಯ ಕೆಲಸ ಮುಗಿಸಿ ವಾರದೊಳಗೆ ಮಂಗಳೂರಿನ ಬಸ್ಸು ಹತ್ತುವವನಿದ್ದ.